ಪ್ಯಾಂಕ್ರಿಯಾಸ್ ತಪಾಸಣೆ: ಬಿಲ್ಲಿನ ಒಂದೊಂದು ಸಾಲನ್ನೂ ಓದಿ ಬರೆದದ್ದು

ದಾವಣಗೆರೆ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ರೈತರಿಗೆ ಕೊಡುವ ಪಟ್ಟಿಯಲ್ಲಿ ಹಮಾಲಿಗೆ ಒಂದು ಸಾಲು, ತೂಕಕ್ಕೆ ಒಂದು ಸಾಲು. ಯಾವ ಸಾಲು ಯಾಕೆ ಅಂತ ಕೇಳಿದರೆ ಹೇಳಲು ಬರಬೇಕು. ಆಸ್ಪತ್ರೆ ಬಿಲ್ಲನ್ನೂ ಹಾಗೇ ಓದುವ ಚಾಳಿ ನನ್ನದು. ಮನೆತನದಲ್ಲಿ ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕದ ಕ್ಯಾನ್ಸರ್ ಇರುವವರಿಗಾಗಿ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದು ನಡೆಸುವ ತಪಾಸಣೆ ಮಾಡಿಸಿಕೊಂಡು ಬಂದೆ. ಅದಕ್ಕೂ ಮೊದಲು ನಮ್ಮೂರಿನ ಲ್ಯಾಬೊಂದರ ಪ್ಯಾಕೇಜೂ ಆಗಿತ್ತು. ಎರಡನ್ನೂ ಬರೆಯುತ್ತೇನೆ. ಹೆಸರು ಮಾತ್ರ ಯಾರದ್ದೂ ಹಾಕುವುದಿಲ್ಲ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ. ನಮ್ಮೂರಲ್ಲಿ ಒಂದು ಎಳೆ ಸಿಕ್ಕರೆ ಸಾಕು, ಸಂಜೆಯೊಳಗೆ ಮನೆ ಬಾಗಿಲಿಗೆ ಬರುತ್ತಾರೆ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಜೆನೆಟಿಕ್ ಕೌನ್ಸೆಲಿಂಗ್‌ಗೆ, ಅಂದರೆ ಮನೆತನದಲ್ಲಿ ಹರಿದು ಬರುವ ಕಾಯಿಲೆಯ ಬಗ್ಗೆ ಕೊಡುವ ಸಲಹೆಗೆ, ಐದಕ್ಕೆ ಐದು. ಡಾಕ್ಟರಿಗೆ ನಾಲ್ಕೂವರೆ. ಎಂಆರ್‌ಐ ವಿಭಾಗಕ್ಕೆ ಮೂರು. ಬಿಲ್ಲಿಂಗ್ ಕೌಂಟರಿಗೆ ಒಂದು, ಅದೂ ಅಲ್ಲಿದ್ದ ಫ್ಯಾನಿಗೆ. ಲ್ಯಾಬಿನ ಪ್ಯಾಕೇಜಿಗೆ ಸೊನ್ನೆ.

ಮನೆತನದ ಕಥೆ ಚಿಕ್ಕದು. ಅಪ್ಪಾಜಿಗೆ 57ನೇ ವಯಸ್ಸಿನಲ್ಲಿ ಕಣ್ಣು, ಮೈ ಹಳದಿಯಾಯಿತು. ಊರವರೆಲ್ಲ ಕಾಮಾಲೆ ಅಂದರು. ಮೇದೋಜೀರಕದ ತಲೆಭಾಗದಲ್ಲಿ ಬೆಳೆದ ಗಡ್ಡೆ ಪಿತ್ತನಾಳವನ್ನು ಒತ್ತಿತ್ತು. ಸ್ಕ್ಯಾನ್‌ನಲ್ಲಿ ಕಾಣುವ ಹೊತ್ತಿಗೆ ಲಿವರಿಗೂ ಹಬ್ಬಿತ್ತು, ಆಪರೇಷನ್ ಮಾತೇ ಬರಲಿಲ್ಲ. ಎಷ್ಟೋ ವರ್ಷಗಳ ನಂತರ ಈಗ ಚಿಕ್ಕಪ್ಪನಿಗೂ ಅದೇ ಕಾಯಿಲೆ. ಸೋದರತ್ತೆಗೆ ಚಿಕ್ಕ ವಯಸ್ಸಿನಲ್ಲೇ ಸ್ತನ ಕ್ಯಾನ್ಸರ್ ಆಗಿ ವಾಸಿಯಾಗಿತ್ತು. ಅದನ್ನು ನಾವ್ಯಾರೂ ಈ ಲೆಕ್ಕಕ್ಕೆ ಸೇರಿಸಿರಲಿಲ್ಲ. ಹೆಂಗಸರ ಕಾಯಿಲೆ ಬೇರೆ, ಹೊಟ್ಟೆಯ ಕಾಯಿಲೆ ಬೇರೆ ಅಂತಲೇ ಮನೆಯಲ್ಲಿ ಮಾತು.

ಚಿಕ್ಕಪ್ಪನ ಸುದ್ದಿ ಬಂದ ವಾರವೇ ಪೇಪರಿನೊಳಗೆ ಒಂದು ಪಾಂಪ್ಲೆಟ್ ಬಿತ್ತು: ‘ಫುಲ್ ಬಾಡಿ ಚೆಕಪ್, ಕ್ಯಾನ್ಸರ್ ಮಾರ್ಕರ್ ಸಮೇತ, ಹಬ್ಬದ ರಿಯಾಯಿತಿ’. ತಂಗಿ ಫೋನ್ ಮಾಡಿ, “ಅಣ್ಣ, ಇಬ್ರೂ ಮಾಡಿಸಿಬಿಡೋಣ, ಮನಸ್ಸಿಗೆ ಸಮಾಧಾನ ಆಗ್ತೈತಿ” ಅಂದಳು. ಹುಡುಗ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದ, ಸಂಜೆಗೆ ವಾಟ್ಸಾಪ್‌ನಲ್ಲಿ ರಿಪೋರ್ಟ್. ಬಣ್ಣಬಣ್ಣದ ಪುಟಗಳು. ಸಿಎ 19-9 ಎಂಬ ಸಾಲಿನ ಮುಂದೆ, ಪ್ಯಾಂಕ್ರಿಯಾಸ್ ಕ್ಯಾನ್ಸರಿನಲ್ಲಿ ರಕ್ತದಲ್ಲಿ ಏರಬಹುದಾದ ವಸ್ತುವದು, ಹಸಿರು ಟಿಕ್. ಫೋನ್ ಮಾಡಿದರೆ, “ಕ್ಯಾನ್ಸರ್ ಇಲ್ಲ ಸರ್, ಎಲ್ಲಾ ನಾರ್ಮಲ್” ಅಂದರು. ವೇಗಕ್ಕೆ ಮಾರ್ಕ್ ಕೊಡಬಹುದಿತ್ತು, ಆದರೆ ಕೊಡಬಾರದು. ಆ ಹಸಿರು ಟಿಕ್ಕಿಗೆ ಬೆಲೆಯೇ ಇಲ್ಲ. ಬೆಂಗಳೂರಿನ ಡಾಕ್ಟರು ಆ ಪುಟವನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. ಗಡ್ಡೆ ಚಿಕ್ಕದಿದ್ದಾಗ ಸಿಎ 19-9 ಏರದೇ ಇರಬಹುದು. ಪಿತ್ತನಾಳ ಕಟ್ಟಿಕೊಂಡರೆ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ. ನೂರರಲ್ಲಿ ಐದರಿಂದ ಹತ್ತು ಜನರ ದೇಹ ಆ ವಸ್ತುವನ್ನು ತಯಾರಿಸುವುದೇ ಇಲ್ಲ, ಅಂಥವರಿಗೆ ಕಾಯಿಲೆ ಎಷ್ಟೇ ಮುಂದುವರಿದಿದ್ದರೂ ರಿಪೋರ್ಟ್ ಹಸಿರೇ. ಕಾಯಿಲೆ ಗೊತ್ತಾದವರಿಗೆ ಚಿಕಿತ್ಸೆ ಹೇಗೆ ಸಾಗುತ್ತಿದೆ ಅಂತ ನೋಡಲು ಅದು ಉಪಯೋಗಕ್ಕೆ ಬರುತ್ತದಂತೆ. ಆರೋಗ್ಯವಾಗಿರುವವರನ್ನು ಜರಡಿ ಹಿಡಿಯಲು ಅಲ್ಲ.

ಇನ್ನು ಸಾಮಾನ್ಯ ಹೊಟ್ಟೆ ಸ್ಕ್ಯಾನ್. ಅದನ್ನೂ ಮಾಡಿಸಿ ಅಂತ ಸಲಹೆ ಕೊಟ್ಟವರು ಬಹಳ. ಪ್ಯಾಂಕ್ರಿಯಾಸ್ ಇರುವುದು ಜಠರದ ಹಿಂದೆ, ಬೆನ್ನುಮೂಳೆಗೆ ಹತ್ತಿರ. ಮೇಲಿಂದ ನೋಡುವ ಅಲ್ಟ್ರಾಸೌಂಡಿಗೆ ಕರುಳಿನ ಗ್ಯಾಸ್ ಅಡ್ಡ ಬರುತ್ತದೆ. ಎಷ್ಟೋ ರಿಪೋರ್ಟಿನಲ್ಲಿ ‘ಪ್ಯಾಂಕ್ರಿಯಾಸ್ ಪೂರ್ತಿ ಕಾಣಿಸಿಲ್ಲ’ ಅಂತ ಒಂದು ಸಾಲು ಇರುತ್ತದೆ. ಕೊನೆಯಲ್ಲಿ ನಾರ್ಮಲ್ ಅಂತ ಇದ್ದರೆ ಆ ಸಾಲನ್ನು ಯಾರೂ ಓದುವುದಿಲ್ಲ.

ಈಗ ಬೆಂಗಳೂರು. ರಾತ್ರಿ ಬಸ್ಸಿಗೆ ಹೋದೆವು, ಅದರಲ್ಲಿ ಹೇಳುವಂಥದ್ದೇನಿಲ್ಲ.

ಸ್ಕ್ಯಾನ್ ಮಾಡುತ್ತಾರೆ ಅಂದುಕೊಂಡು ಉಪವಾಸ ಹೋದವರನ್ನು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿದರು. ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದಾದ ಹುಡುಗಿ ಬಂದು, “ಮೊದಲು ತಿಂಡಿ ತಿಂದು ಬನ್ನಿ ಸರ್, ಇವತ್ತು ಬರೀ ಮಾತು” ಅಂದರು. ಅವರೇ ಜೆನೆಟಿಕ್ ಕೌನ್ಸೆಲರ್. ಬಿಳಿ ಹಾಳೆ ತೆಗೆದು ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ ಬರೆಯುತ್ತಾ ಹೋದರು. ಅಜ್ಜ, ಅಜ್ಜಿ, ಅಪ್ಪನ ಒಡಹುಟ್ಟಿದವರು, ಅವ್ವನ ಕಡೆಯವರು. ಯಾರಿಗೆ ಯಾವ ಕ್ಯಾನ್ಸರ್, ಎಷ್ಟನೇ ವಯಸ್ಸಿಗೆ. ಯಾರು ಬೀಡಿ ಸೇದುತ್ತಿದ್ದರು. ಯಾರಿಗೆ ಮತ್ತೆ ಮತ್ತೆ ಪ್ಯಾಂಕ್ರಿಯಾಟೈಟಿಸ್, ಅಂದರೆ ಪ್ಯಾಂಕ್ರಿಯಾಸ್ ಊತ, ಆಗಿತ್ತು. ಕಾಯಿಲೆ ಬಂದ ಚೌಕಗಳಿಗೆ ಕಪ್ಪು ಬಳಿದರು. ಅತ್ತೆಯ ವೃತ್ತಕ್ಕೆ ಬಂದಾಗ ಪೆನ್ನು ನಿಲ್ಲಿಸಿ, “ಇವರಿಗೆ ಎಷ್ಟನೇ ವಯಸ್ಸಿಗೆ?” ಅಂತ ಎರಡೆರಡು ಸಲ ಕೇಳಿದರು. ನಂತರ ಅಲ್ಲಿಗೂ ಕಪ್ಪು ಬಿತ್ತು.

ಅವರು ಹೇಳಿದ್ದು ಇಷ್ಟು. ಬಿಆರ್‌ಸಿಎ2 ಅನ್ನುವ ಜೀನ್ ಕೆಟ್ಟಿದ್ದರೆ ಸ್ತನ, ಅಂಡಾಶಯ ಮಾತ್ರವಲ್ಲ, ಗಂಡಸರ ಪ್ರಾಸ್ಟೇಟ್, ಪ್ಯಾಂಕ್ರಿಯಾಸ್ ಕ್ಯಾನ್ಸರಿನ ಅಪಾಯವೂ ಏರುತ್ತದೆ. ಅದು ಅಪ್ಪನಿಂದಲೂ ಬರುತ್ತದೆ, ಅವ್ವನಿಂದಲೂ ಬರುತ್ತದೆ. ಇರುವವರ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇದೊಂದೇ ಅಲ್ಲ, ಪಿಎಎಲ್‌ಬಿ2, ಎಟಿಎಂ, ಸಿಡಿಕೆಎನ್2ಎ, ಎಸ್‌ಟಿಕೆ11, ಲಿಂಚ್ ಸಿಂಡ್ರೋಮಿನ ಜೀನ್‌ಗಳು, ಹೀಗೆ ಪಟ್ಟಿ ಇದೆ. ಪ್ಯಾಂಕ್ರಿಯಾಸ್ ಕ್ಯಾನ್ಸರ್ ಬಂದ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಮನೆತನದ ನಂಟು ಇರುತ್ತದೆ, ಉಳಿದವರಿಗೆ ಇರುವುದಿಲ್ಲ.

ಮುಂದಿನ ಪ್ರಶ್ನೆಗೇ ನಾನು ಪೂರ್ತಿ ಐದು ಮಾರ್ಕ್ ಕೊಟ್ಟಿದ್ದು. “ಸರ್, ನಿಮ್ಮದು ಸಂಬಂಧದಲ್ಲೇ ಆದ ಮದುವೆನಾ?” ಹೌದು, ಕಪ್ಪು ಬಳಿದ ಆ ವೃತ್ತದ ಮಗಳೇ ನನ್ನ ಹೆಂಡತಿ. ಪಕ್ಕದಲ್ಲೇ ಕೂತಿದ್ದಳು. ಆ ಹುಡುಗಿ ಏನೂ ಮುಖ ಮಾಡದೆ ನಮ್ಮಿಬ್ಬರ ನಡುವೆ ಎರಡು ಗೆರೆ ಎಳೆದರು. ಹೆಂಡತಿಯೂ ಪರೀಕ್ಷೆ ಮಾಡಿಸಬೇಕು ಅಂದರು. ಗಂಡ, ಹೆಂಡತಿ ಇಬ್ಬರಲ್ಲೂ ಬಿಆರ್‌ಸಿಎ2 ದೋಷ ಇದ್ದು ಮಗುವಿಗೆ ಎರಡೂ ಕಡೆಯಿಂದ ಹೋದರೆ ಫ್ಯಾಂಕೋನಿ ಅನೀಮಿಯಾ ಎಂಬ ಘೋರವಾದ ಮಕ್ಕಳ ಕಾಯಿಲೆ ಬರುತ್ತದಂತೆ. ನಮ್ಮ ಮಕ್ಕಳು ದೊಡ್ಡವರಾಗಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆ. ಆದರೆ ಮಗಳಿಗೆ ಅವಳ ಸೋದರಮಾವನ ಮಗನನ್ನೇ ತರುವ ಮಾತು ಮನೆಯಲ್ಲಿ ಓಡಾಡುತ್ತಿತ್ತು. ಹೆಂಡತಿ ಆ ವಿಷಯ ಬಾಯಿಬಿಟ್ಟಳು. “ಬೇಡ ಅಂತ ನಾನು ಹೇಳಲ್ಲ ಮೇಡಂ. ಇಬ್ಬರಿಗೂ ಮೊದಲು ಟೆಸ್ಟ್ ಆಗಲಿ, ಆಮೇಲೆ ನಿಮ್ಮ ನಿರ್ಧಾರ” ಅಂದರು. ಹೊರದೇಶದ ಫಾರಂ ತುಂಬಿಸಿ ಕಳಿಸುವವರಾಗಿದ್ದರೆ ಈ ಪ್ರಶ್ನೆ ಬರುತ್ತಿರಲಿಲ್ಲ. ದಾವಣಗೆರೆ, ಚಿತ್ರದುರ್ಗ ಕಡೆಯ ಎಷ್ಟೋ ಮನೆಗಳಲ್ಲಿ ಅಕ್ಕನ ಮಗಳು, ಅತ್ತೆ ಮಗಳನ್ನು ತಂದುಕೊಳ್ಳುವುದು ಈಗಲೂ ಇದೆ. ನಮ್ಮ ಕಡೆಯವರು ಯಾರೇ ಹೋದರೂ, ಕೌನ್ಸೆಲರ್ ಕೇಳದಿದ್ದರೆ ನೀವೇ ಹೇಳಿ.

ಇನ್ನೊಂದು ಒಳ್ಳೆಯ ನಡೆ. ನನ್ನ ರಕ್ತ ಅಂದು ತೆಗೆಯಲೇ ಇಲ್ಲ. ಮೊದಲು ಕಾಯಿಲೆ ಬಂದವರದ್ದು ಆಗಬೇಕು, ಅಂದರೆ ಚಿಕ್ಕಪ್ಪನದ್ದು. ಅವರಲ್ಲಿ ಯಾವ ಜೀನ್, ಯಾವ ಜಾಗದಲ್ಲಿ ಕೆಟ್ಟಿದೆ ಅಂತ ಗೊತ್ತಾದರೆ ಉಳಿದವರಲ್ಲಿ ಅದೊಂದೇ ಜಾಗ ನೋಡಿದರೆ ಸಾಕು, ಖರ್ಚೂ ಬಹಳ ಕಡಿಮೆ. ನಮ್ಮದು ಮೊದಲು ಮಾಡಿ ಏನೂ ಸಿಗದಿದ್ದರೆ ಅದು ನಿಜವಾದ ‘ಇಲ್ಲ’ವೋ, ಹುಡುಕಲು ಬಾರದ ದೋಷವೋ ಅಂತ ಹೇಳಲು ಬರುವುದಿಲ್ಲ. ಚಿಕ್ಕಪ್ಪನ ಫಲಿತಾಂಶ ಬಂತು: ಬಿಆರ್‌ಸಿಎ2. ಅದು ಅವರಿಗೂ ಕೆಲಸಕ್ಕೆ ಬಂತು, ಕೀಮೋದಲ್ಲಿ ಪ್ಲಾಟಿನಂ ಇರುವ ಔಷಧಿ ಆರಿಸಲು. ಇಂಥ ರೋಗಿಗಳಲ್ಲಿ ಕೀಮೋ ನಂತರ ಓಲಾಪರಿಬ್ ಮಾತ್ರೆ ಕೊಟ್ಟಾಗ ಕಾಯಿಲೆ ಹಿಡಿತದಲ್ಲಿರುವ ಕಾಲ 3.8 ತಿಂಗಳಿಂದ 7.4 ತಿಂಗಳಿಗೆ ಏರಿದ್ದನ್ನು 2019ರ ಪೋಲೋ ಅಧ್ಯಯನ ತೋರಿಸಿದೆ. ದೊಡ್ಡ ಸಂಖ್ಯೆ ಅಲ್ಲ, ನಿಜ. ಆದರೆ ಜೀನ್ ಪರೀಕ್ಷೆ ಮಾಡದಿದ್ದರೆ ಆ ಬಾಗಿಲೇ ತೆರೆಯುವುದಿಲ್ಲ. ಪ್ಯಾಂಕ್ರಿಯಾಸ್ ಕ್ಯಾನ್ಸರ್ ಇರುವ ಎಲ್ಲರಿಗೂ, ಮನೆತನದ ಇತಿಹಾಸ ಇರಲಿ ಬಿಡಲಿ, ಈ ಪರೀಕ್ಷೆ ಮಾಡಿ ಅಂತಲೇ ಅಮೆರಿಕದ ಕ್ಯಾನ್ಸರ್ ಆಸ್ಪತ್ರೆಗಳ ಕೂಟವಾದ ಎನ್‌ಸಿಸಿಎನ್ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಮನೆಯ ರೋಗಿಯ ಡಾಕ್ಟರನ್ನು ಕೇಳಿ, ಅವರು ಬದುಕಿರುವಾಗಲೇ ಕೇಳಿ.

ನಂತರ ನಮ್ಮದು. ನನಗೆ ಇದೆ. ತಂಗಿಗೆ ಇಲ್ಲ. ಹೆಂಡತಿಗೆ ಇಲ್ಲ.

ತಂಗಿ ಅಳುವುದೋ ನಗುವುದೋ ತಿಳಿಯದೆ, “ನನಗೂ ಒಂದು ಎಂಆರ್‌ಐ ಮಾಡಿಬಿಡಿ ಮೇಡಂ, ದುಡ್ಡು ಕಟ್ತೀನಿ” ಅಂದಳು. ಕೌನ್ಸೆಲರ್ ಒಪ್ಪಲಿಲ್ಲ. ಡಾಕ್ಟರೂ ಒಪ್ಪಲಿಲ್ಲ. ಮನೆತನದ ದೋಷ ಯಾವುದೆಂದು ಗೊತ್ತಿದ್ದು, ಅದು ಇವಳಲ್ಲಿ ಇಲ್ಲವೆಂದ ಮೇಲೆ ಇವಳ ಅಪಾಯ ಹೆಚ್ಚುಕಡಿಮೆ ಎಲ್ಲರಷ್ಟೇ. ಎಲ್ಲರಷ್ಟೇ ಅಪಾಯ ಇರುವವರಿಗೆ ಈ ತಪಾಸಣೆ ಬೇಡ ಅಂತ ಅಮೆರಿಕದ ಪ್ರಿವೆಂಟಿವ್ ಸರ್ವೀಸಸ್ ಟಾಸ್ಕ್ ಫೋರ್ಸ್ ಎಂಬ ತಜ್ಞರ ಸಮಿತಿ 2004ರಲ್ಲಿ ಹೇಳಿತ್ತು, 2019ರಲ್ಲಿ ಮತ್ತೊಮ್ಮೆ ಹೇಳಿತು. ಸಿಗುವುದು ಬಹುಪಾಲು ಏನೂ ಮಾಡದ ಚುಕ್ಕೆಗಳು, ಅವುಗಳ ಬೆನ್ನು ಹತ್ತಿ ಸೂಜಿ, ಆಪರೇಷನ್. ಪ್ಯಾಂಕ್ರಿಯಾಸ್ ಆಪರೇಷನ್ ಅಪೆಂಡಿಕ್ಸ್ ತೆಗೆದಂತಲ್ಲ. ಕೊಡಲು ಬಂದ ದುಡ್ಡನ್ನು ಬೇಡ ಅಂದ ಖಾಸಗಿ ಆಸ್ಪತ್ರೆಯನ್ನು ನಾನು ಇದೇ ಮೊದಲು ನೋಡಿದ್ದು. ನನ್ನ ಲೆಕ್ಕದಲ್ಲಿ ಇಡೀ ಸೇವೆಯಲ್ಲಿ ಅತ್ಯಂತ ಬೆಲೆಬಾಳಿದ ಸಾಲು ಅದೇ, ಬಿಲ್ಲಿನಲ್ಲಿ ಮಾತ್ರ ಅದು ಇಲ್ಲ.

ಇನ್ನು ನನ್ನ ಸರದಿ. ಬಿಆರ್‌ಸಿಎ2 ಇದ್ದು, ಹತ್ತಿರದ ರಕ್ತಸಂಬಂಧಿಗೆ ಕಾಯಿಲೆ ಬಂದಿದ್ದರೆ 45 ಅಥವಾ 50ನೇ ವಯಸ್ಸಿಗೆ, ಇಲ್ಲವೇ ಮನೆತನದಲ್ಲಿ ಅತಿ ಚಿಕ್ಕ ವಯಸ್ಸಿಗೆ ಕಾಯಿಲೆ ಬಂದವರಿಗಿಂತ ಹತ್ತು ವರ್ಷ ಮೊದಲು ಶುರು ಮಾಡಬೇಕು. ಇದು ಕ್ಯಾಪ್ಸ್ ಎಂಬ ಅಂತರರಾಷ್ಟ್ರೀಯ ತಜ್ಞರ ಕೂಟ 2020ರಲ್ಲಿ ಕೊಟ್ಟ ಸಲಹೆ. ಎಸ್‌ಟಿಕೆ11, ಸಿಡಿಕೆಎನ್2ಎ ಇದ್ದವರಿಗೆ 40ಕ್ಕೇ. ಅಪ್ಪಾಜಿ 57, ಹತ್ತು ಕಳೆದರೆ 47, ನನಗೀಗ 49. ಮೊದಲ ಸಲ ಎಂಆರ್‌ಐ ಜೊತೆ ಎಂಆರ್‌ಸಿಪಿ (ಪಿತ್ತನಾಳ, ಪ್ಯಾಂಕ್ರಿಯಾಸ್ ನಾಳಗಳ ಎಂಆರ್‌ಐ ಚಿತ್ರ), ಇಯುಎಸ್ (ಎಂಡೋಸ್ಕೋಪಿಯಿಂದ ಮಾಡುವ ಅಲ್ಟ್ರಾಸೌಂಡ್), ಜೊತೆಗೆ ಉಪವಾಸದ ಶುಗರ್ ಅಥವಾ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್). ಆಮೇಲೆ ವರ್ಷಕ್ಕೊಮ್ಮೆ, ಒಂದು ವರ್ಷ ಎಂಆರ್‌ಐ, ಒಂದು ವರ್ಷ ಇಯುಎಸ್.

ಎಂಆರ್‌ಐಗೆ ಮುಂಚೆ ಒಂದು ಲೋಟ ಅನಾನಸ್ ಜ್ಯೂಸ್ ಕೊಟ್ಟರು. ಉಪವಾಸ ಬಂದವನಿಗೆ ಉಪಚಾರವೇನೋ ಅಂದುಕೊಂಡರೆ, ಅದೂ ಪರೀಕ್ಷೆಯ ಭಾಗ. ಅನಾನಸ್‌ನಲ್ಲಿರುವ ಮ್ಯಾಂಗನೀಸ್‌ನಿಂದ ಜಠರ, ಕರುಳಿನ ನೀರು ಚಿತ್ರದಲ್ಲಿ ಕಪ್ಪಾಗುತ್ತದೆ, ಹಿಂದಿರುವ ಪಿತ್ತನಾಳ, ಪ್ಯಾಂಕ್ರಿಯಾಸ್ ನಾಳ ಬೆಳ್ಳಗೆ ಎದ್ದು ಕಾಣುತ್ತವೆ. ಎಕ್ಸ್‌ರೇ ವಿಕಿರಣ ಇದರಲ್ಲಿಲ್ಲ, ವರ್ಷವರ್ಷ ಮಾಡಿಸುವವರಿಗೆ ಅದು ಮುಖ್ಯ. ಒಂದೇ ತಕರಾರು: ಒಳಗೆ ಮಲಗಿಸಿದ ಮೇಲೆ ‘ಉಸಿರು ಹಿಡಿಯಿರಿ, ಬಿಡಿ’ ಎನ್ನುವ ಧ್ವನಿ ಹಿಂದಿಯಲ್ಲಿ. ನನಗೆ ಮಂಡಿಯ ವ್ಯಾಪಾರದಿಂದ ಹಿಂದಿ ಬರುತ್ತದೆ. ನನಗಿಂತ ಮುಂಚೆ ಹೋಗಿದ್ದ ಹಿರಿಯರು ಹೊರಗೆ ಬಂದು, “ಅದೇನೋ ಅಂತಾನ, ನಾ ಸುಮ್ನ ಮಲಗಿದ್ದೆ” ಅಂದರು. ಅವರದ್ದನ್ನು ಮತ್ತೆ ಮಾಡಿದರು. ಉಸಿರು ಹಿಡಿಯದಿದ್ದರೆ ಚಿತ್ರ ಅಲುಗುತ್ತದೆ. ಬೆಂಗಳೂರಿನಲ್ಲಿ, ಇಷ್ಟು ದುಡ್ಡು ತೆಗೆದುಕೊಂಡು, ಒಂದು ಕನ್ನಡ ಧ್ವನಿ ರೆಕಾರ್ಡ್ ಮಾಡಿಡಲು ಏನು ಕಷ್ಟ? ಎರಡು ಮಾರ್ಕ್ ಕಳೆದಿದ್ದು ಇದಕ್ಕೆ.

ಇಯುಎಸ್ ಅಂದರೆ ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಎಂಡೋಸ್ಕೋಪಿ. ಬಾಯಿಯಿಂದ ಜಠರಕ್ಕೆ, ಅಲ್ಲಿಂದ ಸಣ್ಣ ಕರುಳಿನ ಆರಂಭಕ್ಕೆ ಇಳಿಸಿ, ಗೋಡೆಯಾಚೆಗಿರುವ ಪ್ಯಾಂಕ್ರಿಯಾಸನ್ನು ಒಳಗಿನಿಂದಲೇ ನೋಡುತ್ತಾರೆ. ಗ್ಯಾಸಿನ ತೊಂದರೆ ಇಲ್ಲ. ನಿದ್ದೆಯ ಇಂಜೆಕ್ಷನ್ ಕೊಡುತ್ತಾರೆ, ನನಗೇನೂ ಗೊತ್ತಾಗಲಿಲ್ಲ, ಸಂಜೆಯವರೆಗೆ ಗಂಟಲು ಸ್ವಲ್ಪ ಕೆರೆಯಿತು. ಅಂದು ಗಾಡಿ ಓಡಿಸುವಂತಿಲ್ಲ, ಜೊತೆಗೆ ಒಬ್ಬರು ಇರಲೇಬೇಕು.

ನನಗೆ ಎಚ್ಚರವಾದ ಕೂಡಲೇ ಡಾಕ್ಟರ್ ಏನೂ ಹೇಳದೆ, ಹೆಂಡತಿ ಪಕ್ಕದಲ್ಲಿದ್ದಾಗ ಸ್ಕ್ರೀನ್ ತಿರುಗಿಸಿ ತೋರಿಸಿಯೇ ಹೇಳಿದರು. ಬಾಲದ ಕಡೆ ಆರು ಮಿಲಿಮೀಟರಿನ ನೀರುಗುಳ್ಳೆ. ಬೂದುಬಣ್ಣದ ನಡುವೆ ಒಂದು ಕಪ್ಪು ಚುಕ್ಕೆ, ಅಷ್ಟೇ. ಮುಖ್ಯ ನಾಳ ಹಿಗ್ಗಿಲ್ಲ, ಗುಳ್ಳೆಯೊಳಗೆ ಗಟ್ಟಿ ಭಾಗ ಇಲ್ಲ, ಸೂಜಿ ಹಾಕುವುದು ಬೇಡ, ವರ್ಷ ಬಿಟ್ಟು ನೋಡೋಣ. ಹೆಂಡತಿಯ ಮುಖ ನೋಡಿ ಅವರೇ ಒಂದು ಅಂಕಿ ಕೊಟ್ಟರು: 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ನನ್ನಂತೆ ಹೆಚ್ಚಿನ ಅಪಾಯವಿದ್ದರೂ ಏನೂ ತೊಂದರೆ ಕಾಣದ 216 ಜನರನ್ನು ನೋಡಿದಾಗ 92 ಜನರಲ್ಲಿ ಇಂಥ ಏನಾದರೊಂದು ಸಿಕ್ಕಿತ್ತು, ಬಹುಪಾಲು ಸಣ್ಣ ಗುಳ್ಳೆಗಳೇ. ಅದೇ ಜನರಲ್ಲಿ ಇಯುಎಸ್ ಕಂಡುಹಿಡಿದಷ್ಟನ್ನು ಸಿಟಿ ಸ್ಕ್ಯಾನ್ ಕಂಡುಹಿಡಿಯಲಿಲ್ಲ, ಇಯುಎಸ್‌ಗೆ ಶೇ. 42.6, ಎಂಆರ್‌ಐಗೆ ಶೇ. 33, ಸಿಟಿಗೆ ಬರೀ 11. ಆಮೇಲಿನ ದಿನಗಳಲ್ಲಿ ಆ ಆರು ಮಿಲಿಮೀಟರ್ ನಮ್ಮ ಮನೆಯಲ್ಲಿ ಊಟಕ್ಕೂ ಕೂತಿತ್ತು, ಟಿವಿ ಮುಂದೆಯೂ ಕೂತಿತ್ತು. ಇದನ್ನು ತಡೆದುಕೊಳ್ಳುವ ಮನಸ್ಸಿಲ್ಲದವರು ತಪಾಸಣೆಗೆ ಹೋಗುವ ಮೊದಲೇ ಯೋಚಿಸಬೇಕು. ಇದು ಸೇವೆಯ ದೋಷ ಅಲ್ಲ, ಸೇವೆಯ ಸ್ವಭಾವ.

ಇಷ್ಟೆಲ್ಲ ಮಾಡಿ ಪ್ರಾಣ ಉಳಿಯುತ್ತದಾ? ನೇರವಾಗಿ ಕೇಳಿದೆ. ಗ್ಯಾರಂಟಿ ಇಲ್ಲ ಅಂತ ನೇರವಾಗಿಯೇ ಹೇಳಿದರು. ಕ್ಯಾಪ್ಸ್ ತಂಡ 2022ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 1,731 ಜನರಲ್ಲಿ 26 ಮಂದಿಗೆ ಕ್ಯಾನ್ಸರ್ ಬಂತು. ತಪಾಸಣೆಯಲ್ಲಿ ಸಿಕ್ಕ 19 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೊದಲ ಹಂತದಲ್ಲೇ ಇದ್ದರು. ತಪಾಸಣೆಯನ್ನು ಮಧ್ಯದಲ್ಲೇ ಬಿಟ್ಟವರೂ ಸೇರಿ ಹೊರಗೆ ಪತ್ತೆಯಾದ ಏಳು ಜನರಲ್ಲಿ ಆರು ಮಂದಿ ನಾಲ್ಕನೇ ಹಂತಕ್ಕೆ ಹೋಗಿದ್ದರು. ಪತ್ತೆಯಾದ ಮೇಲೆ ಬದುಕಿದ ಮಧ್ಯಮ ಅವಧಿ ಹೀಗೆ ಹೊರಗೆ ಪತ್ತೆಯಾದವರಲ್ಲಿ ಒಂದೂವರೆ ವರ್ಷ, ತಪಾಸಣೆಯಲ್ಲಿ ಸಿಕ್ಕವರಲ್ಲಿ 9.8 ವರ್ಷ. ಆದರೆ ಇವು ಸಣ್ಣ ಸಂಖ್ಯೆಗಳು, ಚೀಟಿ ಎತ್ತಿ ಎರಡು ಗುಂಪು ಮಾಡಿದ ಪ್ರಯೋಗವಲ್ಲ, ಬೇಗ ಗೊತ್ತಾದದ್ದರಿಂದಲೇ ಬದುಕಿದ ವರ್ಷ ಜಾಸ್ತಿ ಕಾಣುವುದೂ ಇರುತ್ತದೆ ಅಂತ ಅವರೇ ಸೇರಿಸಿದರು. ತನ್ನ ಸರಕಿನ ದೋಷವನ್ನು ತಾನೇ ಹೇಳುವ ವ್ಯಾಪಾರಿಯ ಹತ್ತಿರ ನಾನು ಮತ್ತೆ ಹೋಗುತ್ತೇನೆ. ಅರ್ಧ ಮಾರ್ಕ್ ಕಳೆದದ್ದು ಬಹಳ ಹೊತ್ತು ಕಾಯಿಸಿದ್ದಕ್ಕೆ.

ಗುಟ್ಕಾ, ಸಿಗರೇಟು ಇದ್ದರೆ ಇವತ್ತೇ ಬಿಡಿ ಅಂದರು, ನನಗಿಲ್ಲ. ವರ್ಷ ತುಂಬುವ ಮೊದಲೇ ಹೊಸದಾಗಿ ಶುಗರ್ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಕಾಮಾಲೆ ಕಂಡರೆ ಕಾಯದೆ ಬರಬೇಕು. ಪ್ರಾಸ್ಟೇಟಿಗಾಗಿ ಪಿಎಸ್‌ಎ ರಕ್ತಪರೀಕ್ಷೆ ಬೇರೆ. ಮಗಳ ಪರೀಕ್ಷೆ ಅವಳ ಇಷ್ಟ, ಅವಳ ಸಹಿ, ರಿಪೋರ್ಟ್ ಅವಳ ಕೈಗೇ. ಹೆಂಡತಿಗೆ ಮದುವೆ ಆಗುವವರೆಗೆ ಈ ವಿಷಯವೇ ಬೇಡ ಅಂತಿತ್ತು. ಮಗಳು, “ಮುಚ್ಚಿಟ್ಟು ಮದುವೆ ಮಾಡ್ತೀಯಾ ಅಮ್ಮ?” ಅಂದಳು. ಆ ಜಗಳ ಇನ್ನೂ ಮುಗಿದಿಲ್ಲ.

ಈಗ ಬಿಲ್. ಅತಿ ಭಾರದ ಸಾಲು ಇಯುಎಸ್, ನಂತರ ಚಿಕ್ಕಪ್ಪನ ಜೀನ್ ಪರೀಕ್ಷೆ, ನಂತರ ಎಂಆರ್‌ಐ. ನಮ್ಮ ಮೂವರ ಜೀನ್ ಪರೀಕ್ಷೆ ಸೇರಿದರೂ ಚಿಕ್ಕಪ್ಪನ ಒಂದಕ್ಕೆ ಸಮ ಬರಲಿಲ್ಲ. ಕೌನ್ಸೆಲಿಂಗ್ ಎಲ್ಲಕ್ಕಿಂತ ಅಗ್ಗ. ‘ಕನ್ಸ್ಯೂಮಬಲ್ಸ್’, ಅಂದರೆ ಬಳಸಿ ಬಿಸಾಡುವ ಸಾಮಾನು, ಅಂತ ಒಂದು ದಪ್ಪ ಮೊತ್ತವಿತ್ತು. ಏನೇನು ಅಂತ ಕೇಳಿದೆ. “ಸಿಸ್ಟಮ್ಮಲ್ಲಿ ಹಾಗೇ ಬರುತ್ತೆ ಸರ್.” ಬಿಡಿಸಿ ಕೊಡಿ ಅಂತ ಕೂತೆ. ಬಿಡಿಸಿದಾಗ ಸೂಜಿ ಹಾಕದ ನನ್ನ ಇಯುಎಸ್‌ಗೆ ಬಯಾಪ್ಸಿ ಸೂಜಿಯ ದುಡ್ಡು ಸೇರಿತ್ತು. ತೆಗೆದರು, ಕ್ಷಮೆ ಗಿಮೆ ಏನಿಲ್ಲ. ವಿಮಾ ಕಂಪನಿ ಒಂದು ಪೈಸೆ ಕೊಡಲಿಲ್ಲ. ಕಾಯಿಲೆ ಇಲ್ಲ, ಹಾಗಾಗಿ ಕ್ಲೇಮ್ ಇಲ್ಲ ಅಂತ ಎರಡು ಸಾಲಿನ ಮೇಲ್.

ಮುಂದಿನ ವರ್ಷ ಎಂಆರ್‌ಐ ಸರದಿ. ಅದನ್ನು ದಾವಣಗೆರೆಯಲ್ಲೇ ಮಾಡಿಸಬಹುದಾ ಅಂತ ಕೇಳಿದ್ದಕ್ಕೆ ಡಾಕ್ಟರು, ಯಾವ ಯಾವ ಚಿತ್ರ ಬೇಕು ಅಂತ ಪ್ರೋಟೋಕಾಲ್ ಹಾಳೆ ಬರೆದುಕೊಟ್ಟರು. ನಮ್ಮೂರಿನ ಸ್ಕ್ಯಾನಿಂಗ್ ಸೆಂಟರಿನ ರಿಸೆಪ್ಷನ್‌ನಲ್ಲಿ ಅದನ್ನು ತೋರಿಸಿದರೆ, “ಹೊಟ್ಟೆ ಎಂಆರ್‌ಐನೇ ಅಲ್ವಾ ಅಂಕಲ್, ಎಲ್ಲಾ ಒಂದೇ” ಅಂದರು. ರೇಡಿಯಾಲಜಿಸ್ಟ್ ಅನ್ನು ನೋಡಬೇಕು ಅಂತ ಹಟ ಹಿಡಿದೆ. ಅವರು ಹೊರಗೆ ಬಂದು ನಿಂತಲ್ಲೇ ಹಾಳೆ ಓದಿ, ಆಗುತ್ತದೆ, ಆದರೆ ಬೆಂಗಳೂರಿನ ಹಳೆಯ ಸಿಡಿ ತರದೆ ಬರಬೇಡಿ, ಗುಳ್ಳೆ ಬೆಳೆದಿದೆಯೋ ಇಲ್ಲವೋ ಹೋಲಿಸದೆ ಹೇಳಲಾಗದು ಅಂದರು. ಅವರಿಗೆ ಮುಂಗಡವಾಗಿ ಒಂದು ಮಾರ್ಕ್.

ನಿಮ್ಮ ಮನೆಯಲ್ಲೂ ಹೀಗೆ ಇಬ್ಬರು ಹತ್ತಿರದವರಿಗೆ ಬಂದಿದ್ದರೆ, ಅಥವಾ ಒಬ್ಬರಿಗೆ ಪ್ಯಾಂಕ್ರಿಯಾಸ್, ಇನ್ನೊಬ್ಬರಿಗೆ ಚಿಕ್ಕ ವಯಸ್ಸಿನ ಸ್ತನ ಕ್ಯಾನ್ಸರ್ ಅಂತಿದ್ದರೆ, ಬಸ್ಸು ಹತ್ತುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ. ಜೆನೆಟಿಕ್ ಕೌನ್ಸೆಲರ್ ಯಾವ ವಾರ ಇರುತ್ತಾರೆ, ಇಯುಎಸ್ ಅಲ್ಲೇ ಮಾಡುತ್ತಾರಾ, ರಿಪೋರ್ಟ್ ಜೊತೆ ಸಿಡಿ ಕೊಡುತ್ತಾರಾ ಅಂತ ಕೇಳಿ. ಕೌನ್ಸೆಲರ್ ಇಲ್ಲ, ನೇರ ಸ್ಕ್ಯಾನಿಗೆ ಬನ್ನಿ ಅಂದರೆ ಫೋನ್ ಇಟ್ಟು ಬೇರೆ ಕಡೆ ವಿಚಾರಿಸಿ. ರೋಗಿಯ ಬಯಾಪ್ಸಿ ರಿಪೋರ್ಟ್, ಯಾರಿಗೆ ಎಷ್ಟನೇ ವಯಸ್ಸಿಗೆ ಏನಾಯಿತು ಎನ್ನುವ ಒಂದು ಚೀಟಿ ಜೊತೆಗಿರಲಿ. ಬಿಲ್ಲನ್ನು ಮಾತ್ರ ಕೌಂಟರಿನಲ್ಲೇ ನಿಂತು ಓದಿ.